ಒಂಬತ್ತು ಹೊಕ್ಕು

ಓಮಲೂರಿನಿಂದ ತಾರಮಂಗಲದ ಕಡೆ ಹೋಗುವ ರಸ್ತೆಯಲ್ಲಿ ನನ್ನ ಸೋದರಮಾವನ ಮನೆ. ಬಸ್ಸಿಳಿದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು, ಆಮೇಲೆ ಮನುಷ್ಯರ ಮಾತು. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಸೇಲಂ, ಧರ್ಮಪುರಿ ಸೀಮೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಹೀಗೇ: ಮನೆಮಾತು ಕನ್ನಡ, ಓದುಬರಹ ತಮಿಳು. ಮಾವ ಮಗ್ಗದಲ್ಲಿ ಕೂರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಈಗ ನೇಯುವವರಿಗೆ ಡಿಸೈನ್ ಹಾಕಿಕೊಡುವುದೇ ಕಸುಬು. ಸೆರಗಿನ ಗಿಣಿ, ಅಂಚಿನ ಗೋಪುರ, ಮೈಮೇಲಿನ ಬುಟ್ಟಾ ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಹುಟ್ಟುತ್ತವೆ.

ಒಂದು ಮಳೆಗಾಲದ ರಾತ್ರಿ ಅವರ ಫೋನು ಬಂತು.

“ಕಂಪ್ಯೂಟರ್ ಸತ್ತೋಯ್ತಪ್ಪ. ಹನ್ನೊಂದು ವರ್ಷದ ಡಿಸೈನೆಲ್ಲ ಅದರೊಳಗೇ ಇದೆ.”

ಹಿಂದಿನ ದಿನ ಗುಡುಗು ಮಳೆಗೆ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತ್ತಂತೆ. ರಿಪೇರಿಯವರು ಬಂದು ಪವರ್ ಸಪ್ಲೈ ಬದಲಿಸಿದರು. ಫ್ಯಾನು ತಿರುಗಿತು, ದೀಪ ಹತ್ತಿತು, ಆದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿದರೆ ಸರಿಹೋಗುತ್ತೆ, ಡೇಟಾ ಮಾತ್ರ ಹೋಗುತ್ತೆ ಅಂದರಂತೆ.

“ಏನೂ ಮಾಡಿಸಬೇಡಿ ಮಾವ. ಸ್ವಿಚ್ಚು ಕೂಡ ಹಾಕಬೇಡಿ. ಭಾನುವಾರ ಬರ್ತೀನಿ” ಅಂದೆ.

ಕಂಪ್ಯೂಟರ್ ಸತ್ತಿತು ಎಂದು ನಾವು ಅನ್ನುವಾಗ ಸಾಮಾನ್ಯವಾಗಿ ಸತ್ತಿರುವುದು ಓದುವ ಯಂತ್ರ. ಬರಹ ಬೇರೆ ಕಡೆ ಇರುತ್ತದೆ, ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಲೋಹದ ಡಬ್ಬಿಯಲ್ಲಿ. ನಾಲ್ಕು ಸ್ಕ್ರೂ ಬಿಚ್ಚಿ ಆ ಡಬ್ಬಿಯನ್ನು ಹೊರಗೆ ತೆಗೆದು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದರೆ, ಎಷ್ಟೋ ಸಲ ಎಲ್ಲ ಫೈಲುಗಳೂ ಏನೂ ಆಗದವರ ಹಾಗೆ ಬಂದು ನಿಲ್ಲುತ್ತವೆ. ಮಾವನಿಗೆ ಇದನ್ನು ಅರ್ಥ ಮಾಡಿಸುವುದು ಸುಲಭವಾಯಿತು. ಯಾಕೆಂದರೆ ಅವರು ಕಂಪ್ಯೂಟರಿಗಿಂತ ಹಳೆಯ ಡೇಟಾವನ್ನು ಕೈಯಲ್ಲಿ ಹಿಡಿದು ಬೆಳೆದವರು.

ಮನೆಯ ಅಟ್ಟದ ಮೇಲೆ ಈಗಲೂ ಜಕಾರ್ಡ್ ಅಟ್ಟೆಗಳ ಕಟ್ಟುಗಳಿವೆ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಉಪಾಯ ಅದು. ತೂತು ಹೊಡೆದ ರಟ್ಟು ಮಗ್ಗದ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಒಂದೊಂದಾಗಿ ತಿರುಗುತ್ತದೆ. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರ ಜೊತೆ ಹಾಸಿನ ಎಳೆ ಏಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡುತ್ತದೆ. ಒಂದು ಅಟ್ಟೆಗೆ ಒಂದು ಹೊಕ್ಕು. ಜಕಾರ್ಡನ ಒಂದು ಭಾವಚಿತ್ರವನ್ನೇ ಹೀಗೆ ರೇಷ್ಮೆಯಲ್ಲಿ ನೇಯಲು 24,000 ಅಟ್ಟೆ ಬೇಕಾಯಿತು. ಕಂಪ್ಯೂಟರಿನ ಮುತ್ತಜ್ಜ ಅನ್ನಿಸಿಕೊಂಡ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದ. ತೂತು ಉಂಟು, ತೂತು ಇಲ್ಲ. ಒಂದು, ಸೊನ್ನೆ. ನಮ್ಮ ಮಾವ ಹುಡುಗನಾಗಿದ್ದಾಗ ಅಟ್ಟೆ ಹೊಡೆಯುತ್ತಿದ್ದರು, ಅಂದರೆ ಡೇಟಾ ಬರೆಯುತ್ತಿದ್ದರು.

“ಮಗ್ಗ ಮುರಿದರೆ ಅಟ್ಟೆ ಏನು ಮಾಡ್ತಿದ್ರಿ?”

“ಬಿಚ್ಚಿಕೊಂಡು ಹೋಗಿ ಪಕ್ಕದ ಮನೆ ಮಗ್ಗಕ್ಕೆ ಹಾಕ್ತಿದ್ವಿ.”

ನಾನು ಮಾಡಬೇಕಾದದ್ದೂ ಅಷ್ಟೇ.

ಅಟ್ಟೆಗೂ ಡಿಸ್ಕಿಗೂ ಇರುವ ವ್ಯತ್ಯಾಸ ಗಾತ್ರದ್ದು. 480 ಕೊಕ್ಕೆಯ ಮಗ್ಗಕ್ಕೆ 600 ಹೊಕ್ಕಿನ ಒಂದು ಸೆರಗಿನ ತುಂಡು ಎಂದಿಟ್ಟುಕೊಳ್ಳಿ. ಅಟ್ಟೆಯಾದರೆ 600 ರಟ್ಟು, ಹೆಗಲ ಮೇಲೆ ಹೊರಬೇಕು. ಕಂಪ್ಯೂಟರಿನಲ್ಲಿ ಅದು 480 ಚುಕ್ಕೆ ಅಗಲ, 600 ಚುಕ್ಕೆ ಉದ್ದದ ಕಪ್ಪುಬಿಳುಪು ಚಿತ್ರ. ಒಟ್ಟು 2,88,000 ಚುಕ್ಕೆ, ಎಂಟು ಚುಕ್ಕೆಗೆ ಒಂದು ಬೈಟ್, ಅಂದರೆ 36,000 ಬೈಟ್. ಡಿಸ್ಕು ತನ್ನ ಜಾಗವನ್ನು 512 ಬೈಟಿನ ಸೆಕ್ಟರುಗಳಾಗಿ ಕತ್ತರಿಸಿಕೊಂಡಿರುತ್ತದೆ (ಹೊಸವು 4,096ರ ಲೆಕ್ಕದಲ್ಲಿ). ಆ ಸೆರಗಿಗೆ 71 ಸೆಕ್ಟರು ಸಾಕು. ಮಾವನ 320 ಗಿಗಾಬೈಟ್ ಡಿಸ್ಕಿನಲ್ಲಿ ಅಂಥ ಸೆಕ್ಟರುಗಳು 62.5 ಕೋಟಿ.

ಅಷ್ಟನ್ನೂ ಬರೆದಿಡುವುದು ಅಯಸ್ಕಾಂತ. ಸೇಲಂ ಪಕ್ಕದ ಕಂಜಮಲೈ ನೋಡಿದವರಿಗೆ ಇದು ಅಪರಿಚಿತ ವಿದ್ಯೆ ಅನ್ನಿಸಬಾರದು. ಆ ಬೆಟ್ಟದ ಹೊಟ್ಟೆಯಲ್ಲಿರುವುದು ಮ್ಯಾಗ್ನಟೈಟ್ ಅದಿರು. ಅದರ ಪುಡಿಗೆ ಅಯಸ್ಕಾಂತ ಹಿಡಿದರೆ ಮೀಸೆ ಬಂದ ಹಾಗೆ ಅಂಟಿಕೊಳ್ಳುತ್ತದೆ. ಮೊದಲ ಕಾಲದ ಡಿಸ್ಕುಗಳಿಗೆ ಬಳಿದದ್ದು ಅದೇ ಕುಲದ ಕಬ್ಬಿಣದ ಆಕ್ಸೈಡು. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಒಂದು ಟನ್ನಿಗೂ ಹೆಚ್ಚು ಭಾರದ ಆ ಯಂತ್ರದಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ತಟ್ಟೆ ಗಾಜಿನದೋ ಅಲ್ಯೂಮಿನಿಯಮ್ಮಿನದೋ ಇರುತ್ತದೆ, ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳು ಪೊರೆ. ಆ ಪೊರೆಯ ಸೂಕ್ಷ್ಮ ಕಣಗಳ ಗುಂಪೊಂದು ಈ ಕಡೆಗೆ ಮುಖ ಮಾಡಿದರೆ ಒಂದು ಅರ್ಥ, ಆ ಕಡೆಗೆ ಮಾಡಿದರೆ ಇನ್ನೊಂದು. ಕರೆಂಟು ಇರಲಿ ಬಿಡಲಿ, ಅವು ತಿರುಗಿದ ದಿಕ್ಕಿನಲ್ಲೇ ವರ್ಷಗಟ್ಟಲೆ ನಿಂತಿರುತ್ತವೆ.

ಅಪಾಯ ಇರುವುದು ಓದುವ ಕೆಲಸದಲ್ಲಿ. ಟೇಬಲ್ ಮೇಲಿನ ಕಂಪ್ಯೂಟರಿನ ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಓದುವ ತಲೆ ಅದನ್ನು ಮುಟ್ಟುವುದಿಲ್ಲ. ತಟ್ಟೆ ಎಬ್ಬಿಸಿದ ಗಾಳಿಯ ಮೇಲೆ, ಹತ್ತು ನ್ಯಾನೊಮೀಟರಿಗೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ನಿಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಆ ಡಬ್ಬಿಯ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು ಅನ್ನುವುದು ಇದಕ್ಕೇ. ಮಗ್ಗದ ಮನೆಯಲ್ಲಂತೂ ಕೇಳುವುದೇ ಬೇಡ, ಗಾಳಿಯಲ್ಲಿ ನೂಲಿನ ಧೂಳು ಸದಾ ತೇಲುತ್ತಿರುತ್ತದೆ.

ಹಾಗಾದರೆ ಇದ್ದಕ್ಕಿದ್ದಂತೆ ಕರೆಂಟು ಹೋದಾಗ? ತಟ್ಟೆ ನಿಧಾನವಾದರೆ ಗಾಳಿ ಇಳಿಯುತ್ತದೆ, ಗಾಳಿ ಇಳಿದರೆ ತಲೆ ತಟ್ಟೆಯ ಮೇಲೆ ಕೂರಬೇಕು. ಅದನ್ನು ತಪ್ಪಿಸಲು ಎಂಜಿನಿಯರುಗಳು ಮಾಡಿರುವ ಉಪಾಯ ನನಗೆ ಬಹಳ ಇಷ್ಟ. ಹೊರಗಿನ ವಿದ್ಯುತ್ತು ನಿಂತ ಕ್ಷಣ, ಇನ್ನೂ ತಿರುಗುತ್ತಿರುವ ತಟ್ಟೆ ತನ್ನ ಮೋಟಾರನ್ನೇ ಡೈನಮೋ ಮಾಡಿಕೊಳ್ಳುತ್ತದೆ. ಮೆಟ್ಟೂರಿನಲ್ಲಿ ಕಾವೇರಿ ನೀರು ಮಾಡುವ ಕೆಲಸವನ್ನು ಇಲ್ಲಿ ತಟ್ಟೆಯ ಉಳಿದ ವೇಗ ಮಾಡುತ್ತದೆ. ಹಾಗೆ ಹುಟ್ಟಿದ ಚೂರು ವಿದ್ಯುತ್ತಿನಿಂದ ತಲೆಯನ್ನು ಎಳೆದು ಗೂಡಿಗೆ ಸೇರಿಸಿಬಿಡುತ್ತದೆ. ಆದರೆ ಬರೆಯುತ್ತಿದ್ದ ಸಾಲು? ಅದು ಅರ್ಧಕ್ಕೇ ನಿಲ್ಲುತ್ತದೆ. ಮಾವನ ಮನೆಯಲ್ಲಿ ಆ ಮಳೆಯ ದಿನ ಕರೆಂಟು ಎಷ್ಟು ಸಲ ಹೋಗಿ ಬಂತೋ ಅಷ್ಟು ಸಲ ಡಿಸ್ಕು ಎಡವಿರಬೇಕು.

ಭಾನುವಾರ ಹೋದವನು ಮೊದಲು ಮಾಡಿದ್ದು ಕಿವಿಗೊಟ್ಟು ಕೇಳುವುದು. ಡಿಸ್ಕ್ ವಿಷಯದಲ್ಲಿ ಕಿವಿಯೇ ದೊಡ್ಡ ಡಾಕ್ಟರು. ಕರೆಂಟು ಕೊಟ್ಟಾಗ ಸದ್ದೇ ಇಲ್ಲದಿದ್ದರೆ ಹೊರಗಿನ ಸರ್ಕ್ಯೂಟ್ ಬೋರ್ಡು ಸುಟ್ಟಿರಬಹುದು. ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಬೋರ್ಡು ಕಳಚಿ ಹಾಕಿದರಾಯಿತು ಅನ್ನುವವರಿದ್ದಾರೆ. ಹಳೆಯ ಕಾಲಕ್ಕೆ ಅದು ಸರಿ. ಈಗಿನವುಗಳಲ್ಲಿ ಪ್ರತಿ ಡಿಸ್ಕಿನ ತಲೆಗೂ ಹೊಂದಿಸಿದ ಅಳತೆಗಳು ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿರುತ್ತವೆ, ಆ ಚಿಪ್ಪನ್ನೂ ಬೆಸುಗೆ ಬಿಡಿಸಿ ವರ್ಗಾಯಿಸಬೇಕು. ಟಕ್ ಟಕ್ ಟಕ್ ಎಂದು ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ ತಲೆ ತನ್ನ ದಾರಿಯ ಗುರುತು ಸಿಗದೆ ಹೋಗಿ ಗೋಡೆಗೆ ಹಾಯುತ್ತಿದೆ ಎಂದರ್ಥ. ಆಗ ತಕ್ಷಣ ಆರಿಸಬೇಕು. ಇನ್ನೊಂದು ಸಲ ನೋಡೋಣ ಎಂದು ಹಾಕುವ ಒಂದೊಂದು ಸ್ವಿಚ್ಚೂ ತಟ್ಟೆಯ ಪೊರೆಯನ್ನು ಕೆರೆದು ಪುಡಿ ಮಾಡುತ್ತದೆ. ಕೆರೆದು ಹೋದದ್ದನ್ನು ಯಾವ ದೇವರೂ ತಂದುಕೊಡಲಾರ. ಅಂಥದ್ದು ಶುದ್ಧ ಗಾಳಿಯ ಕೋಣೆ ಇರುವವರ ಕೆಲಸ. ಫ್ರಿಜ್ಜಿನಲ್ಲಿಟ್ಟು ತಣಿಸಿದರೆ ಬದುಕುತ್ತದೆ ಎಂಬ ಮನೆಮದ್ದೂ ಚಲಾವಣೆಯಲ್ಲಿದೆ. ಹೊರಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ಹನಿ ಕಟ್ಟಿದರೆ ಏನಾಗುತ್ತದೆ ಎಂದು ಆ ಮದ್ದು ಹೇಳಿದವರು ಯೋಚಿಸಿದಂತಿಲ್ಲ.

ಮಾವನ ಡಿಸ್ಕು ಸರಾಗವಾಗಿ ತಿರುಗಿತು. ನಡುನಡುವೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಕೆಮ್ಮು. ತಲೆ ಬದುಕಿದೆ, ಕೆಲವು ಸೆಕ್ಟರು ಹಾಳಾಗಿವೆ.

ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲಿನಿಂದ ಜೋಡಿಸಿದೆ. ಲ್ಯಾಪ್‌ಟಾಪಿನಲ್ಲಿರುವ ಪುಟ್ಟ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟೇ ಸಾಕು. ಮಾವನದು ಮೂರೂವರೆ ಅಂಗುಲದ್ದು, ಅದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರು ಬೇಕು. ಅದಿಲ್ಲದೆ ಜೋಡಿಸಿ ಡಿಸ್ಕು ಸತ್ತಿದೆ ಎಂದು ತೀರ್ಮಾನ ಕೊಟ್ಟವರನ್ನು ನಾನು ನೋಡಿದ್ದೇನೆ. ವಿಂಡೋಸ್ ಡಿಸ್ಕನ್ನು ಕಂಡಿತು. ಕಂಡು ಬಹಳ ವಿನಯದಿಂದ ಕೇಳಿತು: ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಈ ಪ್ರಶ್ನೆಗೆ ಹೌದು ಅಂದು ಕೆಟ್ಟವರ ಲೆಕ್ಕ ಇಟ್ಟವರಿಲ್ಲ. ವಿಂಡೋಸ್ ಹಾಗೆ ಕೇಳುವುದು ಡಿಸ್ಕು ಖಾಲಿಯಾಗಿದೆಯೆಂದಲ್ಲ, ತನಗೆ ಸೂಚಿ ಸಿಗುತ್ತಿಲ್ಲವೆಂದು. ಪ್ರತಿ ಡಿಸ್ಕಿನಲ್ಲೂ ಒಂದು ಖಾತೆಪುಸ್ತಕ ಇರುತ್ತದೆ: ಯಾವ ಹೆಸರಿನ ಫೈಲು, ಯಾವ ಸೆಕ್ಟರಿನಿಂದ ಶುರು, ಎಷ್ಟು ಉದ್ದ. ನಾವು ಫೈಲು ಅಳಿಸಿದಾಗಲೂ ಅಳಿಯುವುದು ಸಾಮಾನ್ಯವಾಗಿ ಈ ಪುಸ್ತಕದ ನಮೂದು ಮಾತ್ರ. ಹಳೆಯ ಫ್ಯಾಟ್ ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ 229 ಎಂಬ ಸಂಖ್ಯೆ ಬರೆದುಬಿಟ್ಟರೆ ಮುಗಿಯಿತು, ಫೈಲು ಲೆಕ್ಕಕ್ಕಿಲ್ಲ; ಸರಕು ಅಲ್ಲೇ ಬಿದ್ದಿರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ. (ಎಸ್ಎಸ್‌ಡಿಗಳ ಕತೆ ಬೇರೆ. ಅಳಿಸಿದ ಜಾಗವನ್ನು ಅವು ತಾವೇ ಒರೆಸಿ ಚೊಕ್ಕಟ ಮಾಡಿಕೊಳ್ಳುತ್ತವೆ, ಆಮೇಲೆ ಹುಡುಕಿ ಫಲವಿಲ್ಲ.) ಮಾವನ ಡಿಸ್ಕಿನಲ್ಲಿ ಕೆಟ್ಟಿದ್ದು ಈ ಖಾತೆಪುಸ್ತಕ ಇದ್ದ ಜಾಗವೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳು ಯಜಮಾನನಿಗೂ ಸರಿಯಾಗಿ ತಿಳಿಯದಂತೆ ಡಿಸ್ಕನ್ನು ಗೂಢಲಿಪಿಯಲ್ಲಿ ಬರೆದಿರುತ್ತವೆ. ಬಿಟ್‌ಲಾಕರ್ ಹಾಕಿದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಅದು 48 ಅಂಕೆಗಳ ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಅಯಸ್ಕಾಂತದ ಕಣಗಳು ಒಂದೂ ಅಲುಗದೆ ಇದ್ದರೂ ಉಪಯೋಗವಿಲ್ಲ. ನಿಮ್ಮದು ಅಂಥದ್ದಾದರೆ ಆ ಅಂಕೆಗಳನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ.

ವಿಂಡೋಸಿಗೆ ಬೇಡ ಅಂದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದೆ. ಕೆಟ್ಟ ಡಿಸ್ಕನ್ನು ಸರಿಪಡಿಸಲು ಹೋಗಬಾರದು, ಅದರ ಮೇಲೆ ಒಂದಕ್ಷರ ಬರೆಯಬಾರದು. ಶಿಥಿಲವಾದ ಓಲೆಗರಿ ಕೈಗೆ ಸಿಕ್ಕರೆ ಬಲ್ಲವರು ಮೊದಲು ಇಡೀ ಕಟ್ಟಿನ ಪಡಿಯಚ್ಚು ತೆಗೆದುಕೊಂಡು, ಓದುವುದು ತಿದ್ದುವುದು ಎಲ್ಲವನ್ನೂ ಪ್ರತಿಯ ಮೇಲೆ ಮಾಡುತ್ತಾರೆ. ಹಾಗೆಯೇ ಇಲ್ಲಿ. ಹೊಸದೊಂದು ಡಿಸ್ಕಿನ ಮೇಲೆ ಹಳೆಯದರ ಪ್ರತಿ ಸೆಕ್ಟರನ್ನೂ ಇದ್ದ ಹಾಗೆ ಇಳಿಸಿಕೊಳ್ಳಬೇಕು.

ಇದಕ್ಕೆಂದೇ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಅಂತೋನಿಯೊ ಡಿಯಾಸ್ ಡಿಯಾಸ್ ಎಂಬವರು ಬರೆದದ್ದು, ಉಚಿತ. ಸಾಮಾನ್ಯ ಕಾಪಿ ಕೆಲಸ ಒಂದು ಹಾಳು ಸೆಕ್ಟರು ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುತ್ತದೆ, ಮತ್ತೆ ಮತ್ತೆ ಕೆದಕಿ ಡಿಸ್ಕನ್ನು ಸುಸ್ತು ಮಾಡುತ್ತದೆ. ಡಿಡಿರೆಸ್ಕ್ಯೂ ರೈತನ ಹಾಗೆ. ಕಡಲೆಕಾಯಿ ಕೀಳುವಾಗ ಮೊದಲು ಸಲೀಸಾಗಿ ಬರುವ ಗಿಡವನ್ನೆಲ್ಲ ಕಿತ್ತು ಗುಡ್ಡೆ ಹಾಕುತ್ತೇವೆ. ಮಣ್ಣಲ್ಲಿ ಉಳಿದ ಕಾಯಿಗೆ ಆಮೇಲೆ ಕುಕ್ಕರುಗಾಲಲ್ಲಿ ಕೂತು ಹಕ್ಕಲಾಯುತ್ತೇವೆ. ಇದೂ ಅಷ್ಟೇ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವುದನ್ನೆಲ್ಲ ತುಂಬಿಕೊಳ್ಳುತ್ತದೆ, ತೊಡಕಿನ ಜಾಗ ಬಂದರೆ ನೆಗೆದು ಮುಂದಕ್ಕೆ ಹೋಗುತ್ತದೆ, ಎಲ್ಲಿ ಬಿಟ್ಟೆ ಎಂದು ನಕ್ಷೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಆ ತೊಡಕುಗಳ ಅಂಚಿನಿಂದ ಒಳಕ್ಕೆ, ಚೂರು ಚೂರಾಗಿ. ನಡುವೆ ಕರೆಂಟು ಹೋದರೂ ಚಿಂತೆಯಿಲ್ಲ, ನಕ್ಷೆ ನೋಡಿ ಬಿಟ್ಟಲ್ಲಿಂದ ಮುಂದುವರಿಸುತ್ತದೆ.

ಮೊದಲ ಸುತ್ತು ಎರಡು ಗಂಟೆಯೊಳಗೆ ಮುಗಿಯಿತು. ಹಕ್ಕಲಿಗೆ ರಾತ್ರಿಯೆಲ್ಲ ಹಿಡಿಯಿತು. ಮಾವ ಮಲಗಲಿಲ್ಲ. ಅರ್ಥವಾಗದ ಆ ಅಂಕೆಗಳು ಏರುವುದನ್ನೇ ನೋಡುತ್ತ, ಆಗಾಗ ಡಿಸ್ಕಿನ ಮೇಲೆ ಬೆರಳಿಟ್ಟು ಬಿಸಿ ನೋಡುತ್ತ ಕೂತಿದ್ದರು. ಡಿಸ್ಕು ಬಿಸಿಯಾಗಬಾರದೆಂದು ಅತ್ತೆ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿದ್ದರು, ಅವರ ಕಡೆ ಅಲ್ಲ.

ಆ ಹೊತ್ತಿನಲ್ಲಿ ಅವರಿಗೆ ಕೊಲಂಬಿಯಾದ ಡಿಸ್ಕಿನ ಕತೆ ಹೇಳಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಜನ ಸಂಗಾತಿಗಳಿದ್ದ ಆ ಬಾಹ್ಯಾಕಾಶ ನೌಕೆ ಮರಳಿ ಬರುವಾಗ ಆಕಾಶದಲ್ಲೇ ಛಿದ್ರವಾಯಿತು. ಝೆನಾನ್ ಅನಿಲದ ಸ್ನಿಗ್ಧತೆ ಅಳೆಯುವ ಒಂದು ಪ್ರಯೋಗ ಅದರಲ್ಲಿತ್ತು. ಅದರ ದಾಖಲೆಯ ಒಂದು ಭಾಗವಷ್ಟೇ ಭೂಮಿಗೆ ರವಾನೆಯಾಗಿತ್ತು. ಉಳಿದದ್ದು ಸುಮಾರು 400 ಮೆಗಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ. ತಿಂಗಳುಗಳ ನಂತರ ಅದು ಅವಶೇಷಗಳ ನಡುವೆ ಸಿಕ್ಕಿದಾಗ ಕರಗಿದ ಲೋಹದ ಗಡ್ಡೆಯಂತಿತ್ತು, ಒಳಗೆ ಮಣ್ಣು ಹೊಕ್ಕಿತ್ತು. ಮಿನಿಯಾಪೊಲಿಸ್ಸಿನ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ತಟ್ಟೆಗಳನ್ನು ಬಿಡಿಸಿ ತೊಳೆದು ಇನ್ನೊಂದು ಡಿಸ್ಕಿನ ಮೈಯೊಳಗೆ ಕೂರಿಸಿ ಓದಿಸಿದರು. ಶೇಕಡಾ 99ರಷ್ಟು ದಾಖಲೆ ಬಂತು. ಪ್ರಯೋಗದ ಫಲಿತಾಂಶ 2008ರಲ್ಲಿ ಅಚ್ಚಾಯಿತು. ನೌಕೆಯಲ್ಲೇ ಇದ್ದ ಬೇರೆ ಎರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ. ಇದು ಬದುಕಿದ್ದಕ್ಕೆ ಒಂದು ಕಾರಣ ಅದರ ಹಳೆಯತನ: ಅದನ್ನು ನಡೆಸುತ್ತಿದ್ದದ್ದು ಡಾಸ್, ಅದು ಫೈಲುಗಳನ್ನು ಡಿಸ್ಕಿನ ತುಂಬ ಚೆಲ್ಲದೆ ಒಂದು ಕಡೆಯಿಂದ ಒತ್ತೊತ್ತಾಗಿ ಬರೆಯುತ್ತಿತ್ತು. ಹಾಳಾದ ಭಾಗದಲ್ಲಿ ಬರಹವೇ ಇರಲಿಲ್ಲ.

ಮಾವ ಕೇಳಿದ್ದು ಒಂದೇ: “ಆ ಹುಡುಗಿ ಬರಲಿಲ್ಲ, ಲೆಕ್ಕ ಬಂತು ಅನ್ನು.”

ಬೆಳಗಿನ ಹೊತ್ತಿಗೆ ಪಡಿಯಚ್ಚು ಸಿದ್ಧವಾಯಿತು. ಕೆಲವೇ ಮೆಗಾಬೈಟು ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ದುರದೃಷ್ಟಕ್ಕೆ ಆ ಕೆಲವು ಮೆಗಾಬೈಟಿನಲ್ಲೇ ಖಾತೆಪುಸ್ತಕದ ಮುಖ್ಯ ಹಾಳೆಗಳಿದ್ದವು. ಗ್ರಂಥಾಲಯ ಇದೆ, ಪಟ್ಟಿ ಸುಟ್ಟಿದೆ. ಆಗ ಉಳಿಯುವ ದಾರಿ ಒಂದೊಂದೇ ಸೆಕ್ಟರು ತೆರೆದು, ನೀನು ಯಾರಪ್ಪ ಎಂದು ಕೇಳುವುದು. ಕ್ರಿಸ್ತೋಫ್ ಗ್ರೆನಿಯೆ ಬರೆದ ಫೋಟೊರೆಕ್ ಈ ಕೆಲಸ ಮಾಡುತ್ತದೆ. ಪ್ರತಿ ಜಾತಿಯ ಫೈಲಿಗೂ ಹಣೆಬರಹ ಇರುತ್ತದೆ. ಮಾವ ಬಳಸುವ ಬಿಎಂಪಿ ಚಿತ್ರಗಳ ಮೊದಲ ಎರಡು ಬೈಟು ಇಂಗ್ಲಿಷಿನ ಬಿ ಮತ್ತು ಎಂ. ಅದರ ಬೆನ್ನಿಗೇ ನಾಲ್ಕು ಬೈಟಿನಲ್ಲಿ ನಾನು ಇಷ್ಟುದ್ದ ಎಂಬ ಹೇಳಿಕೆ. ಅಷ್ಟು ಸಾಕು. ಫೈಲು ತುಂಡಾಗದೆ ಒಂದೇ ಕಡೆ ಇದ್ದರೆ ಶುರುವಿನಿಂದ ಎಣಿಸಿ ಕತ್ತರಿಸಿಕೊಳ್ಳಬಹುದು. ಮೂವತ್ತಾರು ಸಾವಿರ ಬೈಟಿನ ಪುಟಾಣಿ ಫೈಲುಗಳು ಸಾಮಾನ್ಯವಾಗಿ ತುಂಡಾಗಿರುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಸಾವಿರಗಟ್ಟಲೆ ಸೆರಗು, ಅಂಚು, ಬುಟ್ಟಾಗಳು ಪರದೆ ತುಂಬ ಬಂದು ನಿಂತವು. ಒಂದಕ್ಕೂ ಹೆಸರಿಲ್ಲ. ಹೆಸರು ಇದ್ದದ್ದು ಸುಟ್ಟ ಪಟ್ಟಿಯಲ್ಲಿ. ಫೋಟೊರೆಕ್ ಕೊಟ್ಟ ಹೆಸರು ಎಫ್ ಎಂಬ ಅಕ್ಷರ ಮತ್ತು ಅದು ಸಿಕ್ಕಿದ ಸೆಕ್ಟರಿನ ಸಂಖ್ಯೆ.

ಗ್ರಾಹಕರ ಪಟ್ಟಿಯ ಒಂದು ಫೈಲೂ ಸಿಕ್ಕಿತು, ತೆರೆದರೆ ಬರೀ ಕಸ: ಪ್ರಶ್ನಾರ್ಥಕ, ಡಾಲರು, ತಲೆ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರ. ಡಿಸ್ಕಿನ ದೋಷವಲ್ಲ ಅದು. ಯೂನಿಕೋಡ್ ಬಳಕೆಗೆ ಬರುವ ಮೊದಲು ತಮಿಳಿಗೂ ಕನ್ನಡಕ್ಕೂ ಒಂದೊಂದು ತಂತ್ರಾಂಶ ತನ್ನದೇ ಲೆಕ್ಕದಲ್ಲಿ ಅಕ್ಷರ ಕೂರಿಸುತ್ತಿತ್ತು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಈ ಕಸ ಚೆನ್ನಾಗಿ ಗೊತ್ತು. ಮಾವ ಬಳಸುತ್ತಿದ್ದ ತಮಿಳು ಫಾಂಟು ಹುಡುಕಿ ಹಾಕಿದೆ. ಕಸ ತಮಿಳು ಅಕ್ಷರವಾಯಿತು. ನೆರೆಮನೆಯ ತಮಿಳು ಹುಡುಗನನ್ನು ಓದಲು ಕೂರಿಸಿದೆ. “ಕಿಣಿ ಅಂಜು” ಎಂದು ಓದಿ ಕಕ್ಕಾಬಿಕ್ಕಿಯಾದ. ಅಂಜು ಅಂದರೆ ಅವನ ಭಾಷೆಯಲ್ಲಿ ಐದು. ಕಿಣಿ ಅಂದರೇನು, ಐದು ಯಾವುದು? ತಮಿಳು ಲಿಪಿಯಲ್ಲಿ ಕಕಾರ ಗಕಾರಕ್ಕೆ ಒಂದೇ ಅಕ್ಷರ, ಅನುನಾಸಿಕದ ಮುಂದಿನ ಚಕಾರವನ್ನು ಓದುವುದೂ ಜಕಾರವಾಗಿಯೇ. ಅತ್ತೆ ಒಳಗಿನಿಂದ ನಗುತ್ತ ಹೇಳಿದರು: “ಗಿಣಿ ಅಂಚು ಕಣೋ!” ಕನ್ನಡವನ್ನು ತಮಿಳಿನಲ್ಲಿ ಬರೆದಿಟ್ಟ ಆ ಪಟ್ಟಿಗೆ ಅಯಸ್ಕಾಂತ, ಖಾತೆಪುಸ್ತಕ, ಫಾಂಟು ದಾಟಿದ ಮೇಲೆ ಕೊನೆಯಲ್ಲಿ ಬೇಕಾದದ್ದು ಈ ಮನೆಯಲ್ಲಿ ಹುಟ್ಟಿದ ಅಥವಾ ಸೇರಿದ ಒಬ್ಬರ ಕಿವಿ.

ಆಮೇಲಿನ ವಾರಗಳಲ್ಲಿ ಮಾವ ದಿನಕ್ಕೆ ಐವತ್ತರಂತೆ ಚಿತ್ರ ತೆರೆದು ಹೆಸರಿಟ್ಟರು. ಒಂದನ್ನು ಮಾತ್ರ ಇಟ್ಟುಕೊಂಡು ನನಗೆ ಫೋನು ಮಾಡಿದರು. ಗಿಣಿಯ ಸೆರಗೇ ಅದು, ಕತ್ತಿನ ಹತ್ತಿರ ಅಡ್ಡಕ್ಕೆ ಒಂದು ಕಪ್ಪು ಪಟ್ಟೆ. ಹಕ್ಕಲಿನಲ್ಲೂ ಸಿಗದ ಒಂದು ಸೆಕ್ಟರು ಆ ಫೈಲಿನ ನಡುವೆ ಬಿದ್ದಿತ್ತು. ಅಲ್ಲಿ ಬರೀ ಸೊನ್ನೆ ತುಂಬಿತ್ತು. ಲೆಕ್ಕ ಹಾಕಿದೆ. ಒಂದು ಸಾಲಿಗೆ 60 ಬೈಟು, ಕಳೆದದ್ದು 512 ಬೈಟು. ಎಂಟೂವರೆ ಸಾಲು, ಅಂದರೆ ಒಂಬತ್ತು ಹೊಕ್ಕು ಕೆಟ್ಟಿದೆ. ಬಿಎಂಪಿಯಾದ್ದರಿಂದ ಅಷ್ಟರಲ್ಲೇ ಮುಗಿಯಿತು. ಒತ್ತಿ ಕಿರಿದು ಮಾಡಿದ ಜೆಪೆಗ್ ಆಗಿದ್ದರೆ ಅಲ್ಲಿಂದ ಕೆಳಗಿನ ಚಿತ್ರವೆಲ್ಲ ಜರುಗಿ ಕಲಸಿಹೋಗುತ್ತಿತ್ತು.

“ಒಂಬತ್ತು ಹೊಕ್ಕು ನೆನಪಿನಲ್ಲೇ ತುಂಬಬಹುದಲ್ಲ ಮಾವ?”

“ಕತ್ತಿನ ಬಳುಕು ಬರಲ್ಲಪ್ಪ. ಬೇರೆ ಗಿಣಿ ಆಗಿಬಿಡುತ್ತೆ.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಬೀರು ತೆರೆದ ಸದ್ದು, ಅತ್ತೆಯ ದನಿ, ಯಾವುದೋ ಮದುವೆಯ ಮಾತು. ಮಾರನೆಯ ದಿನ ಫೋಟೊ ಬಂತು. ಮೇಜಿನ ಮೇಲೆ ಅತ್ತೆಯ ಅರಿಶಿನ ಬಣ್ಣದ ಸೀರೆಯ ಸೆರಗು ಹರಡಿದೆ. ಅದರ ಮೇಲೆ ಭೂತಗನ್ನಡಿ. ಮಾವ ಬಗ್ಗಿ, ಸೂಜಿಯ ಮೊನೆಯಿಂದ ಗಿಣಿಯ ಕತ್ತಿನ ಎಳೆ ಎಣಿಸುತ್ತಿದ್ದಾರೆ. ಪಕ್ಕದ ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ತುಂಬಿದ ನಾಲ್ಕು ಸಾಲು, ಖಾಲಿ ಐದು.